ಹಚ್ಚಿದ ಮದ್ದು ಎಲ್ಲಿಗೆ ಹೋಗುತ್ತದೆ?

ಹುಳುಕಡ್ಡಿ, ಗಜಕರ್ಣ, ಚಿಬ್ಬು, ಕಾಲ್ಬೆರಳ ಸಂದಿನ ಬಿರುಕು ಮೊದಲಾದವುಗಳ ಹೆಸರನ್ನು ಕೇಳದ ಮನೆಯಿಲ್ಲ. ಪ್ರಾಣಕ್ಕೆ ಅಪಾಯ ತರತಕ್ಕವಲ್ಲವಾದುದರಿಂದ ಜನರು ಇವನ್ನು ರೋಗಗಳ ಪಂಕ್ತಿಯಲ್ಲಿ ಸೇರಿಸುವುದೇ ಅಪೂರ್ವ. ತುರಿಕೆ ಸಹಿಸಲಾರದಷ್ಟು ಆದಾಗ ಅಂಗಡಿಯಿಂದ ಒಂದು ಮುಲಾಮನ್ನು ತರುವುದು, ನಾಲ್ಕು ದಿನ ಹಚ್ಚುವುದು, ತುರಿಕೆ ಅಡಗಿದೊಡನೆ ಅದನ್ನು ಗೂಡಿನಲ್ಲಿ ಇಟ್ಟು ಮರೆಯುವುದು, ತಿಂಗಳು ಕಳೆಯುವುದರೊಳಗಾಗಿ ಅದೇ ಸ್ಥಳದಲ್ಲಿ ಮೊದಲಿಗಿಂತ ದೊಡ್ಡ ಉಂಗುರವನ್ನು ಕಾಣುವುದು ವಾಡಿಕೆಯಾಗಿಬಿಟ್ಟಿದೆ. ಆಗ ನಾವು ಮದ್ದನ್ನು ದೂರುತ್ತೇವೆ. ಇಲ್ಲವೆ ಊರಿನ ಹವೆಯನ್ನು ದೂರುತ್ತೇವೆ. ಆದರೆ ಆ ಮದ್ದು ಮುಟ್ಟಬೇಕಾದ ಸ್ಥಳವನ್ನು ಮುಟ್ಟಿತೆ, ಮುಟ್ಟಿ ಅಲ್ಲಿ ಇರಬೇಕಾದಷ್ಟು ಕಾಲ ಇದ್ದಿತೆ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಆ ಪ್ರಶ್ನೆಯನ್ನೇ ಇಂದು ಸ್ವಲ್ಪ ವಿವೇಚಿಸೋಣ.

ಮೊದಲು ರೋಗಕಾರಕವನ್ನು ಪರಿಚಯ ಮಾಡಿಕೊಳ್ಳಬೇಕು. ಹುಳುಕಡ್ಡಿಯೆಂದು ಹೆಸರಿದ್ದರೂ ಅದರಲ್ಲಿ ಹುಳುವಿಲ್ಲ. ಹಳಸಿದ ರೊಟ್ಟಿಯ ಮೇಲೆಯೂ ಮಳೆಗಾಲದಲ್ಲಿ ಪೆಟ್ಟಿಗೆಯೊಳಗಿನ ಪಾದರಕ್ಷೆಯ ಮೇಲೆಯೂ ಹಬ್ಬುವ ಬೂಷ್ಟಿನ ಬಳಗಕ್ಕೆ ಸೇರಿದ ಶಿಲೀಂಧ್ರಗಳು ಇದಕ್ಕೆ ಕಾರಣ. ಇವುಗಳಲ್ಲಿ ಟ್ರೈಕೋಫೈಟಾನ್, ಮೈಕ್ರೋಸ್ಪೋರಮ್, ಎಪಿಡರ್ಮೋಫೈಟಾನ್ ಎಂಬ ಮೂರು ಕುಲಗಳು ಮುಖ್ಯವಾದುವು. ನಮ್ಮ ಕೂದಲು, ಉಗುರು, ಚರ್ಮದ ಮೇಲ್ಪದರ ಇವೆಲ್ಲವೂ ಕೆರಾಟಿನ್ ಎಂಬ ಗಟ್ಟಿ ದ್ರವ್ಯದಿಂದಾದುವು. ಅದನ್ನೇ ಕರಗಿಸಿ ತಿಂದು ಈ ಶಿಲೀಂಧ್ರಗಳು ಬದುಕುತ್ತವೆ. ಚಿಬ್ಬಿಗೆ ಕಾರಣವಾದ ಮಲಸೇಜಿಯ ಎಂಬುದು ಬೇರೆ ಜಾತಿಯದು. ಅದು ಚರ್ಮದ ಜಿಡ್ಡನ್ನು ಅವಲಂಬಿಸಿದೆ.

ಈ ಶತ್ರುವನ್ನು ಕೊಲ್ಲತಕ್ಕ ಮದ್ದುಗಳಿಗೆ ಇಂದು ಕೊರತೆಯಿಲ್ಲ. ಶಿಲೀಂಧ್ರದ ಜೀವಕೋಶದ ಹೊದಿಕೆಯಲ್ಲಿ ಎರ್ಗೊಸ್ಟೆರಾಲ್ ಎಂಬ ಒಂದು ದ್ರವ್ಯವುಂಟು; ನಮ್ಮ ಜೀವಕೋಶಗಳಲ್ಲಿ ಅದಿಲ್ಲ, ಅದರ ಬದಲು ಕೊಲೆಸ್ಟೆರಾಲ್ ಇದೆ. ಕ್ಲೊಟ್ರಿಮಜೋಲ್, ಮೈಕೊನಜೋಲ್, ಲುಲಿಕೊನಜೋಲ್ ಮೊದಲಾದ ಮದ್ದುಗಳು ಎರ್ಗೊಸ್ಟೆರಾಲಿನ ತಯಾರಿಕೆಯನ್ನು ಒಂದು ಮೆಟ್ಟಿಲಲ್ಲಿ ತಡೆಯುತ್ತವೆ; ಟರ್ಬಿನಾಫಿನ್ ಎಂಬುದು ಅದಕ್ಕಿಂತ ಹಿಂದಿನ ಮೆಟ್ಟಿಲಲ್ಲಿಯೇ ತಡೆಯುತ್ತದೆ. ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಈ ಮದ್ದುಗಳ ಅತ್ಯಲ್ಪ ಅಂಶವೂ ಶಿಲೀಂಧ್ರವನ್ನು ಅಡಗಿಸಬಲ್ಲುದು. ಗಾಜಿನ ತಟ್ಟೆಯಲ್ಲಿ ಇಷ್ಟು ಸುಲಭವಾದ ಕಾರ್ಯ ಮನುಷ್ಯನ ತೊಡೆಯ ಮೇಲೆ ಏಕೆ ಕಷ್ಟವಾಗುತ್ತದೆ? ನಡುವೆ ಒಂದು ಗೋಡೆಯಿರುವುದೇ ಇದಕ್ಕೆ ಉತ್ತರ.

ಆ ಗೋಡೆಯೇ ಚರ್ಮದ ಅತ್ಯಂತ ಹೊರಗಿನ ಪದರ. ಕೊಂಬಿನ ದ್ರವ್ಯದಿಂದಲೇ ಆಗಿರುವುದರಿಂದ ಇದನ್ನು ಶೃಂಗಪದರವೆಂದು ಕರೆಯಬಹುದು. ದೇಹದ ಬಹುಭಾಗದಲ್ಲಿ ಇದರ ದಪ್ಪ ಒಂದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು ಮಾತ್ರ. ನಾವು ಬರೆಯುವ ಕಾಗದದ ಹಾಳೆಗಿಂತಲೂ ತೆಳು. ಹೀಗಿದ್ದರೂ ಒಳಗಿನ ನೀರು ಹೊರಗೆ ಆರಿಹೋಗದಂತೆಯೂ ಹೊರಗಿನ ವಿಷಪದಾರ್ಥಗಳು ಒಳಗೆ ಬಾರದಂತೆಯೂ ಕಾಯುವುದು ಇದೇ. ಇದರ ರಚನೆಯನ್ನು ವಿಜ್ಞಾನಿಗಳು ಇಟ್ಟಿಗೆಯ ಗೋಡೆಗೆ ಹೋಲಿಸುತ್ತಾರೆ. ಸತ್ತು ಚಪ್ಪಟೆಯಾದ, ಕೆರಾಟಿನ್ ತುಂಬಿದ ಜೀವಕೋಶಗಳು ಇಟ್ಟಿಗೆಗಳು. ಸುಮಾರು ಹದಿನೈದು ಇಪ್ಪತ್ತು ವರಸೆ ಅಡಕವಾಗಿ ಕುಳಿತಿರುತ್ತವೆ. ಸೆರಮೈಡ್, ಕೊಲೆಸ್ಟೆರಾಲ್, ಕೊಬ್ಬಿನ ಆಮ್ಲಗಳು ಎಂಬ ಜಿಡ್ಡಿನ ಪದಾರ್ಥಗಳು ಅವುಗಳ ನಡುವಣ ಗಾರೆ. ಒಳಗೆ ಹೋಗಬಯಸುವ ಮದ್ದು ಬಹುಮಟ್ಟಿಗೆ ಈ ಗಾರೆಯ ಓಣಿಯಲ್ಲಿಯೇ ಸುತ್ತಿ ಬಳಸಿ ನುಸುಳಬೇಕು.

ಇಂಥ ಓಣಿಯಲ್ಲಿ ಎಲ್ಲರಿಗೂ ಪ್ರವೇಶವಿಲ್ಲ. ಜಲಜನಕದ ಪರಮಾಣುವಿನ ತೂಕವನ್ನು ಒಂದೆಂದು ಎಣಿಸಿದರೆ, ಸುಮಾರು ೫೦೦ಕ್ಕಿಂತ ಹೆಚ್ಚು ತೂಕದ ಅಣುಗಳು ಆರೋಗ್ಯವಾದ ಚರ್ಮವನ್ನು ಹೊಕ್ಕು ಹೋಗುವುದು ದುಸ್ತರವೆಂದು ಬಾಸ್ ಮತ್ತು ಮೈನಾರ್ಡಿ ಎಂಬುವರು ೨೦೦೦ದಲ್ಲಿ ಒಂದು ಸ್ಥೂಲವಾದ ನಿಯಮವನ್ನು ಸೂಚಿಸಿದರು. ಟರ್ಬಿನಾಫಿನ್ನಿನ ಅಣುತೂಕ ಸುಮಾರು ೨೯೧, ಕ್ಲೊಟ್ರಿಮಜೋಲಿನದು ೩೪೫, ಮೈಕೊನಜೋಲಿನದು ೪೧೬. ಇವು ಒಳಗೆ ನುಗ್ಗಬಲ್ಲುವು. ಆಂಫೊಟೆರಿಸಿನ್-ಬಿ ಎಂಬ ಪ್ರಬಲವಾದ ಮದ್ದಿನ ತೂಕ ೯೨೪. ಅದನ್ನು ಬರಿಯ ಮುಲಾಮಾಗಿ ಬಳಿದರೆ ಬಾಗಿಲಲ್ಲಿಯೇ ನಿಲ್ಲುತ್ತದೆ. ತೂಕವೊಂದೇ ಸಾಲದು, ಸ್ವಭಾವವೂ ಹೊಂದಬೇಕು. ಕೇವಲ ನೀರಿನಲ್ಲಿ ಕರಗುವ ವಸ್ತು ಜಿಡ್ಡಿನ ಗಾರೆಯನ್ನು ಹೊಗಲಾರದು. ಕೇವಲ ಜಿಡ್ಡಿನಲ್ಲಿ ಕರಗುವ ವಸ್ತು ಗಾರೆಯಿಂದ ಮುಂದಕ್ಕೆ, ನೀರಿರುವ ಜೀವಂತ ಪದರಗಳಿಗೆ, ಸುಲಭವಾಗಿ ಹೋಗದು.

ಇಲ್ಲಿ ಒಂದು ವಿಶೇಷವನ್ನು ಗಮನಿಸತಕ್ಕದ್ದು. ಚರ್ಮದ ಮೂಲಕ ರಕ್ತಕ್ಕೆ ಮದ್ದನ್ನು ಸೇರಿಸುವ ಪಟ್ಟಿಗಳಲ್ಲಿ ಗೋಡೆಯನ್ನು ದಾಟುವುದೇ ಗುರಿ. ಹುಳುಕಡ್ಡಿಯ ಮದ್ದಿಗಾದರೋ ಶತ್ರು ಇರುವುದು ಗೋಡೆಯ ಆಚೆಗಲ್ಲ, ಗೋಡೆಯ ಒಳಗೇ. ಆದುದರಿಂದ ಮೇಲೆಯೇ ಉಳಿದು ಬಟ್ಟೆಗೆ ಒರಸಿಹೋದ ಮದ್ದೂ ವ್ಯರ್ಥ, ದಾಟಿ ರಕ್ತಕ್ಕೆ ಸೇರಿಹೋದ ಮದ್ದೂ ವ್ಯರ್ಥ. ಶೃಂಗಪದರವನ್ನು ಹೊಕ್ಕು ಅಲ್ಲಿಯೇ ಬಿಡಾರ ಹೂಡುವುದೇ ಇಲ್ಲಿ ಬೇಕಾದುದು. ಚರ್ಮಕ್ಕೆ ಇಂಥ ಸಂಗ್ರಹಶಕ್ತಿ ಇದೆಯೆಂಬುದನ್ನು ೧೯೬೩ರಲ್ಲಿ ವಿಕರ್ಸ್ ಎಂಬ ವೈದ್ಯನು ತೋರಿಸಿಕೊಟ್ಟನು. ಆತನು ಪರೀಕ್ಷಿಸಿದ್ದು ಒಂದು ಸ್ಟೀರಾಯ್ಡ್ ಲೇಪವನ್ನು. ಹಚ್ಚುವುದನ್ನು ನಿಲ್ಲಿಸಿ ಎಷ್ಟೋ ದಿನಗಳಾದ ಮೇಲೂ ಮದ್ದು ಶೃಂಗಪದರದಲ್ಲಿ ಕೆರೆಯ ನೀರಿನಂತೆ ನಿಂತಿದ್ದುದು ಕಂಡುಬಂದಿತು. ಟರ್ಬಿನಾಫಿನ್ ಮೊದಲಾದ ಶಿಲೀಂಧ್ರನಾಶಕಗಳೂ ಹೀಗೆಯೇ ಕೆರಾಟಿನ್ನಿಗೂ ಜಿಡ್ಡಿಗೂ ಅಂಟಿಕೊಂಡು ಅನೇಕ ದಿನ ಉಳಿಯುತ್ತವೆ. ಆದರೆ ಈ ಕೆರೆಗೆ ತೂಬೂ ಉಂಟು. ಶೃಂಗಪದರವು ಸುಮಾರು ಎರಡು ವಾರಗಳಲ್ಲಿ ಹೊಟ್ಟಾಗಿ ಉದುರಿ ಹೊಸದಾಗುತ್ತದೆ. ಅದರೊಡನೆ ಮದ್ದೂ ಉದುರಿಹೋಗುತ್ತದೆ. ಕೆರೆಯನ್ನು ತುಂಬುತ್ತಲೇ ಇರಬೇಕು.

ಹಿಂದಿನವರು ಈ ಗೋಡೆಯ ಶಾಸ್ತ್ರವನ್ನು ಅರಿಯದಿದ್ದರೂ ಅನುಭವದಿಂದ ಕೆಲವು ಉಪಾಯಗಳನ್ನು ಕಂಡುಕೊಂಡಿದ್ದರು. ನಮ್ಮ ಕಡೆ ಸೀಮೆ ಅಗಸೆಯ ಸೊಪ್ಪನ್ನು ಅರೆದು ಗಜಕರ್ಣಕ್ಕೆ ಉಜ್ಜುವ ಪದ್ಧತಿ ಉಂಟು. ಬ್ರೆಜಿಲ್ ದೇಶದ ಅರರೋಬ ಎಂಬ ಮರದ ಪುಡಿ ಪೋರ್ಚುಗೀಸರ ಮೂಲಕ ಗೋವೆಗೆ ಬಂದು, ಹತ್ತೊಂಬತ್ತನೆಯ ಶತಮಾನದಲ್ಲಿ 'ಗೋವೆಯ ಪುಡಿ' ಎಂದೇ ಹೆಸರಾಗಿ ಹುಳುಕಡ್ಡಿಗೆ ಬಳಕೆಯಲ್ಲಿತ್ತು. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಲಂಡನ್ನಿನ ಚರ್ಮವೈದ್ಯ ಆರ್ಥರ್ ವಿಟ್‌ಫೀಲ್ಡನು ಬೆಂಜೋಯಿಕ್ ಆಮ್ಲ ನೂರಕ್ಕೆ ೬ ಪಾಲು, ಸ್ಯಾಲಿಸಿಲಿಕ್ ಆಮ್ಲ ನೂರಕ್ಕೆ ೩ ಪಾಲು ಬೆರಸಿದ ಮುಲಾಮನ್ನು ಪ್ರಚಾರಕ್ಕೆ ತಂದನು. ಇದರ ಯುಕ್ತಿಯನ್ನು ನೋಡಬೇಕು: ಒಂದು ಆಮ್ಲ ಶಿಲೀಂಧ್ರವನ್ನು ಅಡಗಿಸುತ್ತದೆ, ಇನ್ನೊಂದು ಇಟ್ಟಿಗೆಗಳ ಬಿಗಿಯನ್ನು ಸಡಿಲಿಸಿ, ಶಿಲೀಂಧ್ರ ತುಂಬಿದ ಹೊಟ್ಟನ್ನು ಉದುರಿಸಿ, ಮೊದಲನೆಯದಕ್ಕೆ ದಾರಿ ಮಾಡಿಕೊಡುತ್ತದೆ. ದಾರಿಯ ವಿಚಾರವನ್ನು ಮದ್ದಿನೊಳಗೇ ಅಡಗಿಸಿದುದು ಇದರ ಹೆಚ್ಚುಗಾರಿಕೆ.

ನಮ್ಮ ಪಂಡಿತರು ಮಾತ್ರೆಯನ್ನು ಕೊಡುವಾಗ ಜೇನಿನಲ್ಲಿಯೋ ತುಪ್ಪದಲ್ಲಿಯೋ ಬಿಸಿನೀರಿನಲ್ಲಿಯೋ ಎಂದು ಅನುಪಾನವನ್ನೂ ಹೇಳುತ್ತಾರೆ. ಲೇಪಕ್ಕೂ ಅನುಪಾನವುಂಟು. ಕೊಳವೆಯಲ್ಲಿರುವ ಕ್ರೀಮಿನಲ್ಲಿ ಮದ್ದು ಸಾಮಾನ್ಯವಾಗಿ ನೂರಕ್ಕೆ ಒಂದು ಅಥವಾ ಎರಡು ಪಾಲು. ಉಳಿದುದೆಲ್ಲ ಮದ್ದನ್ನು ಹೊತ್ತೊಯ್ಯುವ ವಾಹನ. ವಾಹನದ ಆಯ್ಕೆಯಲ್ಲಿ ಒಂದು ಸೂಕ್ಷ್ಮವಿದೆ. ಮದ್ದು ವಾಹನದಲ್ಲಿ ಅತಿ ಸುಲಭವಾಗಿ ಕರಗಿದರೆ, ತೌರುಮನೆಯಲ್ಲಿ ಸುಖ ಹೆಚ್ಚಾದ ಮಗಳಂತೆ, ಅಲ್ಲಿಂದ ಹೊರಡುವುದೇ ಇಲ್ಲ. ಕರಗದೆಹೋದರೆ ಹರಳಾಗಿ ಮೇಲೆಯೇ ಕುಳಿತುಬಿಡುತ್ತದೆ. ಕರಗುವಿಕೆಯ ಅಂಚಿನಲ್ಲಿ, 'ಇನ್ನು ಸ್ಥಳವಿಲ್ಲ' ಎಂಬ ಸ್ಥಿತಿಯಲ್ಲಿ, ಮದ್ದಿಗೆ ಚರ್ಮದ ಕಡೆಗೆ ನೂಕು ಹೆಚ್ಚಾಗಿರುತ್ತದೆ. ಮದ್ಯಸಾರವುಳ್ಳ ಕೆಲವು ದ್ರಾವಣಗಳ ಗುಟ್ಟು ಇದೇ: ಬಳಿದ ಮೇಲೆ ಮದ್ಯಸಾರ ಆರಿಹೋಗಿ ವಾಹನ ಕಿರಿದಾಗುತ್ತದೆ, ಮದ್ದು ಚರ್ಮದೊಳಕ್ಕೆ ಇಳಿಯತೊಡಗುತ್ತದೆ. ಪ್ರೊಪಿಲೀನ್ ಗ್ಲೈಕಾಲ್, ಓಲಿಯಿಕ್ ಆಮ್ಲ, ಯೂರಿಯ ಮೊದಲಾದುವನ್ನು ಬೆರಸುವುದೂ ಗಾರೆಯನ್ನು ಮೆದುಗೊಳಿಸಲಿಕ್ಕೆ ಅಥವಾ ಕೆರಾಟಿನ್ನನ್ನು ನೆನೆಸಲಿಕ್ಕೆ. ಆದರೆ ಗೋಡೆಯನ್ನು ಹೆಚ್ಚಾಗಿ ಸಡಿಲಿಸಿದರೆ ಉರಿಯೂ ಕೆಂಪೂ ಬರುತ್ತವೆ, ಮಿತಿ ಬೇಕು.

ಇತ್ತೀಚಿನ ದಶಕಗಳಲ್ಲಿ ಇನ್ನೂ ಸೂಕ್ಷ್ಮವಾದ ವಾಹನಗಳು ಬಂದಿವೆ. ೧೯೬೦ರ ದಶಕದಲ್ಲಿ ಇಂಗ್ಲೆಂಡಿನ ಅಲೆಕ್ ಬ್ಯಾಂಗ್‌ಹ್ಯಾಮ್, ಕೆಲವು ಜಾತಿಯ ಕೊಬ್ಬುಗಳು ನೀರಿನಲ್ಲಿ ತಾವಾಗಿಯೇ ಸೂಕ್ಷ್ಮವಾದ ಗುಳ್ಳೆಗಳಾಗಿ ಸುತ್ತಿಕೊಳ್ಳುವುದನ್ನು ಕಂಡನು. ಇವುಗಳಿಗೆ ಲೈಪೊಸೋಮ್ ಎಂದು ಹೆಸರು. ಗುಳ್ಳೆಯ ಹೊದಿಕೆ ಚರ್ಮದ ಗಾರೆಯೊಡನೆ ಹೊಂದಿಕೊಳ್ಳುವ ಜಿಡ್ಡಿನಿಂದಾದುದರಿಂದ, ಅದರೊಳಗಿಟ್ಟ ಮದ್ದು ಶೃಂಗಪದರದಲ್ಲಿ ಹೆಚ್ಚು ಕಾಲ ನಿಲ್ಲಬಲ್ಲುದು. ಚರ್ಮಕ್ಕೆ ಹಚ್ಚುವ ಲೈಪೊಸೋಮ್ ಮದ್ದುಗಳಲ್ಲಿ ಮೊದಲನೆಯದೆಂದು ಹೇಳಲಾಗುವುದು ೧೯೮೮ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಬಂದ ಎಕೊನಜೋಲ್ ಜೆಲ್. ಅದು ಶಿಲೀಂಧ್ರನಾಶಕವೇ ಎಂಬುದು ಗಮನಾರ್ಹ. ಮೇಲೆ ಹೇಳಿದ ಭಾರವಾದ ಆಂಫೊಟೆರಿಸಿನ್ನನ್ನೂ ಹೀಗೆ ಗುಳ್ಳೆಗಳಲ್ಲಿ ಅಡಗಿಸಿದ ಜೆಲ್ ಭಾರತದಲ್ಲಿ ತಯಾರಾಗಿದೆ. ಬಾಗುವ ಗುಳ್ಳೆಗಳು, ಗಟ್ಟಿ ಕೊಬ್ಬಿನ ಅತಿಸೂಕ್ಷ್ಮ ಕಣಗಳು, ಎಣ್ಣೆ ನೀರುಗಳ ಸೂಕ್ಷ್ಮ ಮಿಶ್ರಣಗಳು, ಬಳಿದೊಡನೆ ತೆಳುಪೊರೆಯಾಗಿ ಕೂರುವ ದ್ರಾವಣಗಳು, ಹೀಗೆ ಪ್ರಯತ್ನಗಳು ಅನೇಕ.

ಇವನ್ನು ಪರೀಕ್ಷಿಸುವ ಕ್ರಮವೂ ತಿಳಿಯತಕ್ಕದ್ದು. ೧೯೭೫ರಲ್ಲಿ ಥಾಮಸ್ ಫ್ರಾಂಜ್ ಎಂಬಾತನು ಪ್ರಸಿದ್ಧಿಗೆ ತಂದ ಗಾಜಿನ ಸಾಧನದಲ್ಲಿ, ಎರಡು ಬಟ್ಟಲುಗಳ ನಡುವೆ ಚರ್ಮದ ತುಂಡನ್ನು ಬಿಗಿದು, ಮೇಲೆ ಮದ್ದನ್ನು ಹಚ್ಚಿ, ಕೆಳಗಿನ ದ್ರವದಲ್ಲಿ ಎಷ್ಟು ಇಳಿಯಿತೆಂದು ಗಂಟೆಗಂಟೆಗೂ ಅಳೆಯುತ್ತಾರೆ. ಮನುಷ್ಯನ ಚರ್ಮಕ್ಕೆ ಹೋಲುವುದರಿಂದ ಹಂದಿಯ ಕಿವಿಯ ಚರ್ಮವನ್ನು ಬಳಸುವುದುಂಟು. ಆದರೆ ಶಿಲೀಂಧ್ರನಾಶಕದ ವಿಷಯದಲ್ಲಿ ಕೆಳಗಿನ ಬಟ್ಟಲಿಗೆ ಇಳಿದುದು ಹೆಚ್ಚಾದರೆ ಅದು ಹೊಗಳಿಕೆಯಲ್ಲ; ಚರ್ಮದಲ್ಲಿ ಉಳಿದುದೇ ಲೆಕ್ಕ. ಅದನ್ನು ತಿಳಿಯಲು ಅಂಟುಪಟ್ಟಿಯನ್ನು ಒತ್ತಿ ಕಿತ್ತು, ಶೃಂಗಪದರವನ್ನು ಎಳೆಎಳೆಯಾಗಿ ತೆಗೆದು, ಒಂದೊಂದರಲ್ಲಿಯೂ ಇರುವ ಮದ್ದನ್ನು ಅಳೆಯುತ್ತಾರೆ. ಹಂದಿಯ ಚರ್ಮದಲ್ಲಿ ಗೆದ್ದ ವಾಹನಗಳೆಲ್ಲವೂ ರೋಗಿಯಲ್ಲಿ ಗೆಲ್ಲುವುದಿಲ್ಲ. ಹೊಸದೆಂಬ ಮಾತ್ರಕ್ಕೆ ಬೆಲೆ ಹೆಚ್ಚಿದ ಕೊಳವೆ, ಕ್ರಮವಾಗಿ ಹಚ್ಚಿದ ಹಳೆಯ ಕ್ಲೊಟ್ರಿಮಜೋಲಿಗಿಂತ ಮೇಲೆಂದು ಭಾವಿಸಬೇಕಾದುದಿಲ್ಲ.

ಉಗುರಿನ ಕಥೆಯೇ ಬೇರೆ. ಚರ್ಮದ ಗೋಡೆ ಜಿಡ್ಡಿನ ಗಾರೆಯದಾದರೆ, ಉಗುರು ನೀರನ್ನು ಹೀರಿ ಉಬ್ಬುವ ಕೆರಾಟಿನ್ ಜಾಲರಿ. ಜಿಡ್ಡು ಅದರಲ್ಲಿ ಅತ್ಯಲ್ಪ. ಚರ್ಮವನ್ನು ಸುಲಭವಾಗಿ ಹೊಗುವ ಜಿಡ್ಡುಸ್ವಭಾವದ ಮದ್ದು ಇಲ್ಲಿ ಕೆರಾಟಿನ್ನಿಗೆ ಸಿಕ್ಕಿಕೊಂಡು ದಾರಿಯಲ್ಲಿಯೇ ಉಳಿಯುತ್ತದೆ. ಆದುದರಿಂದ ಉಗುರಿಗೆಂದೇ ಅಣುವನ್ನು ಆರಿಸಬೇಕಾಯಿತು. ಅಮೆರಿಕದಲ್ಲಿ ೨೦೧೪ರಲ್ಲಿ ಅನುಮತಿ ಪಡೆದ ಟವಬೊರೋಲಿನ ಅಣುತೂಕ ಕೇವಲ ೧೫೨. ಅದೇ ವರ್ಷ ಬಂದ ಎಫಿನಕೊನಜೋಲ್ ಕೆರಾಟಿನ್ನಿಗೆ ಹೆಚ್ಚಾಗಿ ಅಂಟಿಕೊಳ್ಳದು. ಆದರೂ ಎಫಿನಕೊನಜೋಲನ್ನು ೪೮ ವಾರ ದಿನವೂ ಹಚ್ಚಿದ ಎರಡು ದೊಡ್ಡ ಪರೀಕ್ಷೆಗಳಲ್ಲಿ ಸಂಪೂರ್ಣವಾಗಿ ಗುಣವಾದವರು ನೂರಕ್ಕೆ ೧೭.೮ ಮತ್ತು ೧೫.೨ ಮಂದಿ ಮಾತ್ರ. ಬರಿಯ ವಾಹನವನ್ನು ಹಚ್ಚಿಕೊಂಡವರಲ್ಲಿ ಈ ಸಂಖ್ಯೆ ೩.೩ ಮತ್ತು ೫.೫. ಉಗುರಿಗೆ ಮುಲಾಮು ಬಳಿದು ಒಂದು ತಿಂಗಳಲ್ಲಿ ಫಲವನ್ನು ನಿರೀಕ್ಷಿಸುವವರು ಈ ಅಂಕಿಗಳನ್ನು ನೆನಪಿನಲ್ಲಿಡಬೇಕು. ಕಾಲಿನ ಹೆಬ್ಬೆರಳ ಉಗುರು ಪೂರ್ತಿಯಾಗಿ ಹೊಸದಾಗಲು ಒಂದು ವರ್ಷದಿಂದ ಒಂದೂವರೆ ವರ್ಷ ಬೇಕು.

ಇನ್ನು ಚರ್ಮವೇ ಎಲ್ಲ ಕಡೆಯೂ ಒಂದೇ ಸಮನಾಗಿಲ್ಲ. ೧೯೬೭ರಲ್ಲಿ ಅಮೆರಿಕದ ಫೆಲ್ಡ್‌ಮನ್ ಮತ್ತು ಮೈಬಾಕ್ ಹೈಡ್ರೊಕಾರ್ಟಿಸೋನ್ ಎಂಬ ಸ್ಟೀರಾಯ್ಡನ್ನು ದೇಹದ ಬೇರೆಬೇರೆ ಭಾಗಗಳಿಗೆ ಹಚ್ಚಿ ಅಳೆದರು. ಮುಂದೋಳಿನಲ್ಲಿ ಇಳಿದುದನ್ನು ಒಂದೆಂದು ಎಣಿಸಿದರೆ ಅಂಗಾಲಿನಲ್ಲಿ ೦.೧೪, ಹಣೆಯಲ್ಲಿ ೬, ವೃಷಣದ ಚರ್ಮದಲ್ಲಿ ೪೨! ಅಂಗಾಲಿನ ದಪ್ಪ ಚರ್ಮಕ್ಕೆ ಮದ್ದು ಇಳಿಯುವುದು ಕಷ್ಟ; ತೊಡೆಸಂದಿನ ತೆಳು ಚರ್ಮಕ್ಕೆ ಬೇಡವಾದುದೂ ಬೇಗ ಇಳಿಯುತ್ತದೆ.

ಈ ಕಡೆಯ ಮಾತು ನಮ್ಮ ದೇಶದಲ್ಲಿ ದೊಡ್ಡ ಅನರ್ಥಕ್ಕೆ ಸಂಬಂಧಪಟ್ಟಿದೆ. ಶಿಲೀಂಧ್ರನಾಶಕ, ಕ್ರಿಮಿನಾಶಕ, ಪ್ರಬಲವಾದ ಸ್ಟೀರಾಯ್ಡ್ ಮೂರನ್ನೂ ಬೆರಸಿದ ಕ್ರೀಮುಗಳನ್ನು ಜನರು ತುರಿಕೆಗೆಲ್ಲ ತಾವಾಗಿಯೇ ಕೊಂಡು ಹಚ್ಚುವುದು ಬಹುಕಾಲದಿಂದ ನಡೆದುಬಂದಿದೆ. ಸ್ಟೀರಾಯ್ಡ್ ತುರಿಕೆಯನ್ನೂ ಕೆಂಪನ್ನೂ ಎರಡೇ ದಿನದಲ್ಲಿ ಅಡಗಿಸುತ್ತದೆ, ರೋಗಿಗೆ ಸಂತೋಷ. ಆದರೆ ಆ ಕೆಂಪು ತುರಿಕೆಗಳು ಶಿಲೀಂಧ್ರದ ಮೇಲೆ ದೇಹವು ಹೂಡಿದ ಯುದ್ಧದ ಲಕ್ಷಣಗಳು. ಕಾವಲುಗಾರನನ್ನು ಮಲಗಿಸಿದ ಮನೆಯಲ್ಲಿ ಕಳ್ಳನು ನಿಶ್ಚಿಂತನಾಗಿ ಓಡಾಡುವಂತೆ ಶಿಲೀಂಧ್ರ ಹಬ್ಬುತ್ತದೆ. ಉಂಗುರದ ಆಕಾರ ಕೆಡುತ್ತದೆ. ವೈದ್ಯನಿಗೂ ಗುರುತು ಹತ್ತುವುದು ಕಷ್ಟವಾಗುತ್ತದೆ. ೧೯೬೮ರಲ್ಲಿಯೇ ಇದಕ್ಕೆ ಬ್ರಿಟಿಷ್ ವೈದ್ಯರು 'ಟಿನಿಯಾ ಇನ್‌ಕಾಗ್ನಿಟೊ', ಎಂದರೆ ವೇಷ ಮರೆಸಿಕೊಂಡ ಹುಳುಕಡ್ಡಿ, ಎಂದು ಹೆಸರಿಟ್ಟರು. ತೊಡೆಸಂದಿನ ಚರ್ಮ ತೆಳುವಾಗಿ ಬರೆಬರೆಯಾಗಿ ಸೀಳುವುದು ಬೇರೆ. ಆ ಬರೆಗಳು ಮತ್ತೆ ಮಾಯುವುದಿಲ್ಲ. ವಾಹನವನ್ನು ಎಷ್ಟು ಉತ್ತಮಪಡಿಸಿದರೆ ಅದು ಸ್ಟೀರಾಯ್ಡನ್ನೂ ಅಷ್ಟು ಚೆನ್ನಾಗಿ ಹೊತ್ತೊಯ್ಯುತ್ತದೆ ಎಂಬುದನ್ನು ಮರೆಯಲಾಗದು. ೨೦೧೮ರಲ್ಲಿ ಭಾರತ ಸರ್ಕಾರವು ೧೪ ಸ್ಟೀರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಮದ್ದುಗಳ ಪಟ್ಟಿಗೆ ಸೇರಿಸಿತು.

ಅಷ್ಟರಲ್ಲಿಯೇ ಇನ್ನೊಂದು ವಿಪತ್ತು ತಲೆಯೆತ್ತಿತ್ತು. ಭಾರತದಲ್ಲಿ ಸಾಮಾನ್ಯ ಚಿಕಿತ್ಸೆಗೆ ಬಗ್ಗದ, ಮೈಯೆಲ್ಲ ಹಬ್ಬುವ ಹುಳುಕಡ್ಡಿ ಹೆಚ್ಚತೊಡಗಿತು. ೨೦೨೦ರಲ್ಲಿ ಜಪಾನಿನ ವಿಜ್ಞಾನಿಗಳು ಭಾರತ ಮತ್ತು ನೇಪಾಳದ ರೋಗಿಗಳಿಂದ ತೆಗೆದ, ಟರ್ಬಿನಾಫಿನ್ನಿಗೆ ಜಗ್ಗದ ಶಿಲೀಂಧ್ರವನ್ನು ವಿವರಿಸಿ ಅದಕ್ಕೆ 'ಟ್ರೈಕೋಫೈಟಾನ್ ಇಂಡೋಟಿನೀ' ಎಂದು ನಾಮಕರಣ ಮಾಡಿದರು. ೨೦೨೩ರಲ್ಲಿ ನ್ಯೂಯಾರ್ಕಿನಲ್ಲಿಯೂ ಇದು ವರದಿಯಾಯಿತು. ನಮ್ಮ ದೇಶದ ಹೆಸರು ಇಂಥದಕ್ಕೆ ಅಂಟಿಕೊಂಡುದು ಅಭಿಮಾನಪಡತಕ್ಕ ಸಂಗತಿಯಲ್ಲ. ಮದ್ದಿನ ಗುರಿಯನ್ನೇ ಮಾರ್ಪಡಿಸಿಕೊಂಡ ಶಿಲೀಂಧ್ರದ ಮುಂದೆ ಎಂಥ ವಾಹನವೂ ಆ ಮದ್ದನ್ನು ಗೆಲ್ಲಿಸಲಾರದು. ಅರ್ಧ ಚಿಕಿತ್ಸೆಯೂ ಸ್ಟೀರಾಯ್ಡಿನ ದುರುಪಯೋಗವೂ ಇದಕ್ಕೆ ನೆರವಾದುವೆಂಬುದು ಚರ್ಮವೈದ್ಯರಲ್ಲಿ ಅನೇಕರ ಅಭಿಪ್ರಾಯ.

ಹೀಗೆ ನೋಡಿದರೆ ಮದ್ದಿನ ಕೊನೆಯ ವಾಹನ ನಮ್ಮ ಕೈಬೆರಳೇ. ಎಷ್ಟು ಹಚ್ಚಬೇಕೆಂಬುದಕ್ಕೆ ೧೯೯೧ರಲ್ಲಿ ಲಾಂಗ್ ಮತ್ತು ಫಿನ್ಲೆ ಎಂಬ ವೈದ್ಯರು ಒಂದು ಸುಲಭವಾದ ಅಳತೆಯನ್ನು ಕೊಟ್ಟರು. ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಕೊಳವೆಯಿಂದ ಹಿಂಡಿದ ಕ್ರೀಮು ಸುಮಾರು ಅರ್ಧ ಗ್ರಾಂ. ಅದು ಬೆರಳುಗಳೂ ಸೇರಿದಂತೆ ಎರಡು ಅಂಗೈಗಳಷ್ಟು ಜಾಗಕ್ಕೆ ಸಾಕು. ಲೆಕ್ಕ ಹಾಕೋಣ. ಅಷ್ಟು ಜಾಗಕ್ಕೆ ದಿನಕ್ಕೆರಡು ಸಲ ಎರಡು ವಾರ ಹಚ್ಚಿದರೆ ೧೪ ಗ್ರಾಂ, ಎಂದರೆ ೧೫ ಗ್ರಾಮಿನ ಒಂದು ಕೊಳವೆ ಮುಗಿಯಬೇಕು. ಅದೇ ಕೊಳವೆ ಮೂರು ತಿಂಗಳು ಬಂದಿದ್ದರೆ ಶಿಲೀಂಧ್ರಕ್ಕೆ ಮದ್ದಿನ ವಾಸನೆ ಮಾತ್ರ ಮುಟ್ಟಿರುತ್ತದೆ. ಉಂಗುರದ ನಡುವೆಯಷ್ಟೇ ಬಳಿಯುವುದೂ ತಪ್ಪು. ಜೀವಂತ ಶಿಲೀಂಧ್ರ ಅಂಚಿನಲ್ಲಿ ಮುಂದುವರಿಯುತ್ತಿರುವುದರಿಂದ ಅಂಚಿನಾಚೆಗೂ ಎರಡು ಸೆಂಟಿಮೀಟರಿನಷ್ಟು ಹಚ್ಚಬೇಕು. ಮೈಯನ್ನು ಒಣಗಿಸಿಕೊಂಡು ಹಚ್ಚಬೇಕು. ಕಣ್ಣಿಗೆ ಚರ್ಮ ಶುದ್ಧವಾಗಿ ಕಂಡ ಮೇಲೂ ವೈದ್ಯರು ಹೇಳಿದ ಅವಧಿಯನ್ನು ಪೂರೈಸಬೇಕು. ಶೃಂಗಪದರ ಹೊಸದಾಗಲು ಬೇಕಾದ ಕಾಲವೇ ಇದಕ್ಕೆ ಆಧಾರ. ತುರಿಕೆ ನಿಂತುದು ಶಿಲೀಂಧ್ರ ಸತ್ತುದಕ್ಕೆ ಸಾಕ್ಷಿಯಲ್ಲ. ಮಲೆನಾಡು ಕರಾವಳಿಗಳ ಮಳೆಗಾಲದಲ್ಲಿ ಒದ್ದೆ ಬಟ್ಟೆಯನ್ನು ಮೈಮೇಲೆ ಆರಿಸಿಕೊಳ್ಳದಿರುವುದು, ಮನೆಯವರೆಲ್ಲರೂ ಒಂದೇ ಟವಲನ್ನು ಬಳಸದಿರುವುದು, ಸೋಂಕಿದವರೆಲ್ಲರಿಗೂ ಒಮ್ಮೆಗೇ ಚಿಕಿತ್ಸೆಯಾಗುವುದು, ಇವೂ ಚಿಕಿತ್ಸೆಯ ಭಾಗಗಳು.

ಲೇಪಕ್ಕೆ ನಿಲುಕದ ಸ್ಥಳಗಳೂ ಉಂಟು. ಮಕ್ಕಳ ತಲೆಯ ಹುಳುಕಡ್ಡಿಯಲ್ಲಿ ಶಿಲೀಂಧ್ರ ಕೂದಲಿನ ಬುಡದೊಳಗೆ ಇಳಿದಿರುತ್ತದೆ. ಅಲ್ಲಿಗೆ ಮುಲಾಮು ಸಾಲದು, ನುಂಗುವ ಮದ್ದೇ ಬೇಕು. ಮೈಯಲ್ಲಿ ಅನೇಕ ಕಡೆ ಹಬ್ಬಿದ ರೋಗಕ್ಕೂ, ಉಗುರಿನ ರೋಗದಲ್ಲಿ ಬಹುಪಾಲಿಗೂ ವೈದ್ಯರ ಸಲಹೆಯೇ ದಾರಿ. ವಿಜ್ಞಾನಿಗಳು ಇನ್ನೂ ಉತ್ತಮವಾದ ವಾಹನಗಳನ್ನು ಮಾಡಿಕೊಡುವರು, ಅದರಲ್ಲಿ ಸಂದೇಹವಿಲ್ಲ. ಆದರೆ ಕೊಳವೆಯನ್ನು ಕೊಳ್ಳುವ ಮುನ್ನ ಅದರ ಮೇಲೆ ಬರೆದಿರುವ ಹೆಸರುಗಳಲ್ಲಿ ಸ್ಟೀರಾಯ್ಡ್ ಉಂಟೆ ಎಂದು ವಿಚಾರಿಸುವುದೂ, ಕೊಂಡ ಮೇಲೆ ಅಳತೆಗೂ ಅವಧಿಗೂ ತಪ್ಪದೆ ಹಚ್ಚುವುದೂ ನಮ್ಮ ಪಾಲಿನ ಕೆಲಸ. ಅಷ್ಟನ್ನು ಮಾಡಿದರೆ ಇಂದು ನಮ್ಮಲ್ಲಿರುವ ಮದ್ದುಗಳು ಮುಂದಿನವರಿಗೂ ಮದ್ದುಗಳಾಗಿಯೇ ಉಳಿಯುವುವು.